ವೈರಿನ ಹೊಟ್ಟೆಗೆ ರೊಟ್ಟಿ

ನನ್ನ ತಮ್ಮ ಖಂಡಪ್ಪ ಓಣಿಯ ಮಂದಿಯೆದುರು ನನ್ನನ್ನು ಬೈದ. ಅದೂ ಎಂಥ ಮಾತು!

"ಕೌದಿ ಹೊಲಿಯೋ ಹೆಂಗಸಿನ ಕೈಯಾಗ ಕಾರಿನ ವೈರ್ ಕೊಟ್ಟದ್ದು ನನ್ನ ತಪ್ಪು. ನಾಳಿಂದ ಗ್ಯಾರೇಜಿಗೆ ಬರಬ್ಯಾಡ. ಮನ್ಯಾಗ ಕುಂಡ್ರು."

ಇವನ ಮೂಗು ಒರೆಸಿ ಬೆಳೆಸಿದವಳು ನಾನು. ಮೈಯೆಲ್ಲ ಉರಿದುಹೋಯಿತು.

ಅರವತ್ತೊಂದನೆಯ ಇಸವಿಯ ಮಾತು. ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವನ ಗ್ಯಾರೇಜು. ಗಂಡ ಸತ್ತ ಮೇಲೆ ತಿಕೋಟಾದಿಂದ ಅವನ ಮನೆಗೆ ಬಂದ ನನಗೆ ಒಲೆಯ ಮುಂದಿನ ಜಾಗವೊಂದೇ ಇತ್ತು. ಅದೂ ಅವನ ಹೆಂಡತಿಯ ಮರ್ಜಿ. ಒಂದು ದಿನ ಬುತ್ತಿ ಕೊಡಲು ಹೋದಾಗ ಅವನು ಕಾರಿನ ವೈರುಗಳನ್ನೆಲ್ಲ ಒಟ್ಟು ಹಿಡಿದು ಬಟ್ಟೆಯ ಪಟ್ಟಿ ಸುತ್ತುತ್ತಿದ್ದ. ಅದೇನು ಸುತ್ತುವುದೋ! ಎಲ್ಲ ಸಡಿಲ, ಕವಲೊಡೆಯುವ ಕಡೆ ಬಾಯಿ ಬಿಟ್ಟಿತ್ತು. ನೋಡಲಾರದೆ ಕಸಿದುಕೊಂಡೆ. ತುದಿಯಿಂದ ಶುರುಮಾಡಿ, ಪ್ರತಿ ಸುತ್ತೂ ಹಿಂದಿನದನ್ನು ಅರ್ಧ ಮುಚ್ಚುವಂತೆ ಎಳೆದು ಸುತ್ತಿ, ಮೇಣ ಉಜ್ಜಿದ ದಾರದಿಂದ ನಡುನಡುವೆ ಬಿಗಿದೆ. ಕೊನೆಗೆ ಗಂಟು ಹಾಕದೆ ಸೂಜಿಯಿಂದ ಒಳಗೇ ಹೊಲಿದೆ. ಗಂಟು ಇದ್ದರೆ ತಗಡಿಗೆ ಉಜ್ಜಿ ಹರಿಯುತ್ತದೆ, ಅಷ್ಟು ತಿಳಿಯಲು ಏನು ಬೇಕು?

ಅಂದಿನಿಂದ ಆ ಕೆಲಸ ನನ್ನದಾಯಿತು. ಗ್ಯಾರೇಜಿನಲ್ಲಿ ಕೂತು ಉಣ್ಣುವ ತುತ್ತು ಯಾರ ಮರ್ಜಿಯದೂ ಆಗಿರಲಿಲ್ಲ. ಅದನ್ನೇ ಅವನು ಈಗ ಕಿತ್ತುಕೊಳ್ಳಲು ಹೊರಟಿದ್ದ.

ಆಗಿದ್ದು ಇಷ್ಟು. ಬಬಲೇಶ್ವರದ ಅಬ್ದುಲಗನಿ ಸಾಹೇಬರ ಹಳೆಯ ಕಾರಿನಲ್ಲಿ ವೈರಿನ ರಬ್ಬರು ಪುಡಿಪುಡಿಯಾಗಿತ್ತು. ಎಲ್ಲ ಬದಲಾಯಿಸಿ, ನಾನೇ ಸುತ್ತಿ ಕೊಟ್ಟಿದ್ದೆ. ಮುಂದೆ ಸ್ವಲ್ಪ ದಿನಕ್ಕೆ ಸಾಹೇಬರು ತುಂಬು ಬಸುರಿ ಮಗಳು ಸಬೀರಾಳನ್ನು ಇಲ್ಲಿಯ ದವಾಖಾನೆಗೆ ಕರೆತರುವಾಗ ಬಾನೆಟ್ಟಿನಿಂದ ಹೊಗೆ ಎದ್ದು ಕಾರು ದಾರಿಯಲ್ಲೇ ನಿಂತಿತು. ಪುಣ್ಯಕ್ಕೆ ಹಿಂದೆಯೇ ಬಸ್ಸು ಬಂತು; ತಾಯಿ ಮಗು ಇಬ್ಬರೂ ಉಳಿದರು. ಎತ್ತು ಕಟ್ಟಿ ಎಳೆತಂದ ಕಾರನ್ನು ಖಂಡಪ್ಪ ಬಿಚ್ಚಿ ನೋಡಿದರೆ, ವೈರಿನ ಕಟ್ಟನ್ನು ಇಲಿ ಕಡಿದಿತ್ತು. ಕಡಿದಲ್ಲಿ, ಪಟ್ಟಿಯ ಒಳಗೆ, ಒಣಗಿದ ಜೋಳದ ರೊಟ್ಟಿಯ ಚೂರು.

ನಮ್ಮ ಕಡೆ ಕೌದಿ ಹೊಲಿಯುವವರು ಕೊನೆಯ ತೇಪೆ ಮುಚ್ಚುವ ಮೊದಲು ಒಳಗೆ ರೊಟ್ಟಿಯ ಚೂರು ಇಡುತ್ತೇವೆ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತೇವೆ. ಖಾಲಿ ಹೊಟ್ಟೆಯ ಕೌದಿ ಹೊದ್ದವರಿಗೆ ಒಳ್ಳೆಯದಲ್ಲವಂತೆ. ಇದು ಓಣಿಗೆಲ್ಲ ಗೊತ್ತು. ಹೀಗಾಗಿ ಅಲ್ಲೇ ನಿಂತಿದ್ದ ಸಾಹೇಬರೂ ಸೇರಿ ಒಬ್ಬರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ರೊಟ್ಟಿ ಕಂಡಿತು, ಕಳ್ಳಿ ಸಿಕ್ಕಳು, ಮುಗಿಯಿತು.

"ರೊಟ್ಟಿ ಇಟ್ಟೀದಿ, ಪಲ್ಯಾ ಯಾಕ ಬಿಟ್ಟೆವಾ?" ಎಂದು ಪಕ್ಕದ ಸೈಕಲ್ ಅಂಗಡಿಯವನು ಹಲ್ಲು ಕಿಸಿದ. ಅವನ ಹಲ್ಲು ಉದುರಲಿ.

ಮರುದಿನ ಬೆಳಿಗ್ಗೆ ನಾನು ಗ್ಯಾರೇಜಿಗೆ ಹೋದೆ. ಗನಿ ಸಾಹೇಬರೂ ಬಂದು ಮರದ ಬೆಂಚಿನ ಮೇಲೆ ಕೂತಿದ್ದರು.

"ಬರಬ್ಯಾಡ ಅಂದಿದ್ನೆಲ್ಲ ಅಕ್ಕಾ," ಎಂದ ಖಂಡಪ್ಪ.

"ನನ್ನ ಕೈಯಿಂದ ಏನ್ ತಪ್ಪಾಗೇತಿ ಅಂತ ನೋಡೇ ಹೋಗ್ತೇನಿ. ವೈರ್ ತಾ ಇಲ್ಲೆ."

ಅವನು ಕೊಡಲಿಲ್ಲ. ನಾನೇ ಎಳೆದುಕೊಂಡೆ. ಅಲ್ಲೇ ನನ್ನ ಸಿಟ್ಟು ಬೇರೆ ದಾರಿ ಹಿಡಿಯಿತು. ಉದ್ದಕ್ಕೂ ನನ್ನ ಹೊಲಿಗೆ. ರೊಟ್ಟಿಯಿದ್ದ ಕಡೆ ಮಾತ್ರ ಹೊಲಿಗೆ ಕತ್ತರಿಸಿ, ಮತ್ತೆ ಸುತ್ತಿ, ಮೇಲೊಂದು ದಪ್ಪ ಗಂಟು ಬಿಗಿದಿತ್ತು.

"ಲೇ ಖಂಡ್ಯಾ, ಈ ಗಂಟು ಯಾರದೋ?"

ಅವನು ಎಣ್ಣೆಯ ಕೈಯನ್ನು ಅರಿವೆಗೆ ಒರೆಸತೊಡಗಿದ. ಒರೆಸಿದ, ಒರೆಸಿದ. ಗನಿ ಸಾಹೇಬರು ಬಗ್ಗಿ ನೋಡಿದರು. ಅವರಿಗೂ ತಿಳಿಯಿತು.

"ಖಂಡಪ್ಪಾ, ನನ್ನ ಕಾರಿಗೆ ನೀ ಬುತ್ತಿ ಕಟ್ಟಿದಿ ಏನೋ?" ಎಂದು ನಕ್ಕರು.

"ನಗಬ್ಯಾಡ್ರಿ ಸಾಹೇಬ್ರ! ನಿನ್ನಿ ನೀವೂ ನನ್ನ ಕೇಳಲಿಲ್ಲ."

ಅವರ ನಗು ಅಲ್ಲಿಗೇ ನಿಂತಿತು.

"ಹೆದರಿಕಿ ಆತು ಅಕ್ಕಾ," ಖಂಡಪ್ಪನ ದನಿ ಸಣ್ಣದಾಗಿತ್ತು. "ಹಡಿಯೋ ಹೆಣಮಗಳು ಕುಂಡ್ರೋ ಗಾಡಿ. ನೀ ಖಾಲಿ ಹೊಟ್ಟೀಲೆ ಮುಚ್ಚಿದ್ದಿ. ಮರತಿರಬೇಕು ಅಂತ ನಾ ಬಿಚ್ಚಿ ಇಟ್ಟೆ."

"ನಾ ಮರತಿದ್ದಿಲ್ಲ. ಸಾಹೇಬ್ರ ಮನ್ಯಾಗ ಜ್ವಾಳದ ಚೀಲದ ಮಗ್ಗಲಕ ನಿಲ್ಲೋ ಗಾಡಿ, ಇಲಿ ಬರ್ತಾವಂತ ಇಟ್ಟಿದ್ದಿಲ್ಲ. ಕೌದಿ ಯಾವುದು, ಕಾರು ಯಾವುದು ನನಗ ತಿಳೀತೈತಿ."

ಹೆದರಿ ಇಟ್ಟಿದ್ದನ್ನು ನಾನು ಆ ಕ್ಷಣವೇ ಕ್ಷಮಿಸಿಬಿಡುತ್ತಿದ್ದೆ. ಅವ್ವ ಹೊಲಿಯುವಾಗ ರೊಟ್ಟಿಯ ಚೂರು ಮುರಿದು ಕೊಡುತ್ತಿದ್ದವನು ಅವನೇ. ಆದರೆ ಇನ್ನೊಂದು ಮಾತು ಕೇಳುವುದಿತ್ತು.

"ನಿನ್ನಿ ಮಂದಿ ಮುಂದ ನನ್ನ ಬೈಯುವಾಗ, ಅದನ್ನ ಇಟ್ಟಾಂವ ನೀನ ಅನ್ನೋದು ನೆನಪಿತ್ತೋ ಇಲ್ಲೋ?"

ಅವನು ನೆಲ ನೋಡಿದ.

"ಇತ್ತು."

ಅವನ ಗಂಟನ್ನು ಕತ್ತರಿಸಿ ಬಿಸಾಡಿದೆ. ಹೊಸ ಪಟ್ಟಿ ತೆಗೆದುಕೊಂಡೆ. ಅವನು ಕಟ್ಟಿನ ಇನ್ನೊಂದು ತುದಿ ಹಿಡಿಯಲು ಕೈ ಚಾಚಿದ.

"ಮುಟ್ಟಬ್ಯಾಡ. ಇದು ಮುಗಿಯೋತನಕ ಹೊರಗ ಕುಂಡ್ರು."

ಸಾಹೇಬರು ನೋಡುತ್ತಿದ್ದರು, ಸೈಕಲ್ ಅಂಗಡಿಯವನೂ ಇಣುಕಿದ್ದ. ಖಂಡಪ್ಪ ಎದ್ದು, ತನ್ನದೇ ಗ್ಯಾರೇಜಿನಿಂದ ಹೊರಗೆ ಹೋಗಿ, ಬಿಸಿಲಲ್ಲಿ ಕೂತ.