ಬೆಳ್ಳಗಾದ ಹರಳುಗಳು

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅಂಗಾತ ಮಲಗಿದ್ದ ನಾಯಿಯ ಒಸಡು ಕೆಂಪಗಿತ್ತು. ನೋಡಿದವರು ರಕ್ತ ಚೆನ್ನಾಗಿ ಓಡುತ್ತಿದೆ ಎನ್ನುವಂಥ ಕೆಂಪು. ಹೊಟ್ಟೆ ಕೊಯ್ದು ಚಿಕಿತ್ಸೆ ಮಾಡುತ್ತಿದ್ದ ಡಾಕ್ಟರು ಅಣ್ಣ; ಅರಿವಳಿಕೆ ಕೊಡುತ್ತಿದ್ದ ತಂಗಿಗೆ ಆ ಕೆಂಪೇ ಹಿಡಿಸಲಿಲ್ಲ. ಅವಳು ಉಸಿರಿನ ಗಾಳಿ ಅಳೆದು ತೋರಿಸುವ ಪರದೆಯತ್ತ ತಿರುಗಿದಳು. ನಾಯಿ ಉಸಿರೆಳೆದುಕೊಂಡಾಗಲೆಲ್ಲ ಸೊನ್ನೆಗೆ ಇಳಿಯಬೇಕಾದ ಗೆರೆ ಅರ್ಧದಲ್ಲೇ ನಿಂತು ಮತ್ತೆ ಮೇಲೇರುತ್ತಿತ್ತು. ಹೊರಬಿಟ್ಟ ಕೆಟ್ಟ ಗಾಳಿಯನ್ನೇ ನಾಯಿ ತಿರುಗಿ ಒಳಗೆಳೆದುಕೊಳ್ಳುತ್ತಿತ್ತು.

ನಾಯಿ ಎದುರು ಬೀದಿಯ ದರ್ಜಿ ಹೆಂಗಸಿನದು. ಬೊಗಳುವುದೇ ಅಪರೂಪವಾದ್ದರಿಂದ ಹೆಸರು ಮೌನಿ. ಗರ್ಭಕೋಶದಲ್ಲಿ ಕೀವು ತುಂಬಿ ಬಂದಿತ್ತು. ಬೆಳಿಗ್ಗೆ ಅದು ಏದುಸಿರು ಬಿಡುತ್ತಿದ್ದುದನ್ನು ಕಂಡು ಅಣ್ಣ, ನಾಯಿ ಹೆದರಿದೆ ಅಷ್ಟೇ ಎಂದಿದ್ದ. ಹೆದರಿಕೆಯಲ್ಲ, ಸೋಂಕಿನಿಂದ ರಕ್ತ ಹುಳಿಯಾಗಿದೆ, ಆ ಹುಳಿಯನ್ನು ಉಸಿರಿನಲ್ಲಿ ಹೊರದಬ್ಬುತ್ತಿದೆ, ಅರಿವು ತಪ್ಪಿಸಿದ ಮೇಲೆ ಆ ಕೆಲಸ ನಾವು ಮಾಡಬೇಕು ಎಂದು ತಂಗಿ ಹೇಳಿದ್ದಳು. ಹುಟ್ಟಿದಾಗ ನೀನು ಅತ್ತದ್ದೂ ಅನುಮಾನದಿಂದಲೇ ಎಂದು ಅವನು ನಕ್ಕಿದ್ದ.

ಅವಳ ಕಣ್ಣು ಅರಿವಳಿಕೆ ಯಂತ್ರದ ಪಕ್ಕದ ಪಾರದರ್ಶಕ ಡಬ್ಬಿಯ ಮೇಲೆ ಬಿತ್ತು. ಕೆಟ್ಟ ಗಾಳಿಯನ್ನು ಹೀರುವ ಸುಣ್ಣದ ಹರಳುಗಳು ಅದರಲ್ಲಿರುತ್ತವೆ; ಹೀರುವ ಶಕ್ತಿ ಮುಗಿದಾಗ ನೇರಳೆಗೆ ತಿರುಗುತ್ತವೆ. ಬೆಳಿಗ್ಗೆ ಹಾಲಿನಷ್ಟು ಬಿಳಿಯಿದ್ದವು ಈಗ ಬುಡದಿಂದ ಕತ್ತಿನವರೆಗೆ ನೇರಳೆ. ಹೊಸ ಹರಳು ಇಷ್ಟು ಬೇಗ ಸೋಲುವುದಿಲ್ಲ.

ನಿನ್ನೆ ಬದಲಾಯಿಸಲು ಹೇಳಿದ್ದೆನಲ್ಲ ಎಂದು ನರ್ಸನ್ನು ಕೇಳಿದಳು.

ನರ್ಸ್ ನೆಲ ನೋಡಿದಳು. "ಬೆಳಿಗ್ಗೆ ಬದಲಾಯ್ಸೋಕೆ ಹೋದಾಗ ಡಾಕ್ಟ್ರು ಬೇಡ ಅಂದ್ರು ಮೇಡಂ. ಬೆಳ್ಳಗೇ ಇದೆಯಲ್ಲ, ಸುಮ್ನೆ ಯಾಕೆ ಚೆಲ್ತೀರಿ ಅಂದ್ರು."

ದಣಿದ ಹರಳು ರಾತ್ರಿಯೆಲ್ಲ ಸುಮ್ಮನೆ ಬಿದ್ದಿದ್ದರೆ ಬೆಳಗಾಗುವಷ್ಟರಲ್ಲಿ ಬಣ್ಣ ಬಿಟ್ಟು ಬೆಳ್ಳಗಾಗುತ್ತದೆ. ಹೀರುವ ಶಕ್ತಿ ಮಾತ್ರ ಮರಳುವುದಿಲ್ಲ. ಇದನ್ನು ಅವಳು ಅಣ್ಣನಿಗೆ ಎಷ್ಟು ಸಲ ಹೇಳಿದ್ದಳೋ. ಬೆಳಿಗ್ಗೆ ಆ ಬಿಳುಪು ಕಂಡು ಹೊಸದು ಹಾಕಿದ್ದಾರೆಂದು ಅವಳೂ ನಂಬಿದ್ದಳು. ಅವಳು ಆಮ್ಲಜನಕವನ್ನು ಪೂರ್ತಿ ತೆರೆದಳು, ಒಂದು ಹನಿ ರಕ್ತ ತೆಗೆದು ಪರೀಕ್ಷೆಯ ಯಂತ್ರಕ್ಕಿಟ್ಟಳು. ಅಂಕಿ ಬಂತು. ಹುಳಿ ಬೆಳಿಗ್ಗೆಗಿಂತ ಬಹಳ ಏರಿತ್ತು.

ಗಾಯದ ಅಂಚಿನಿಂದ ರಕ್ತ ಜಿನುಗುತ್ತಿದ್ದುದನ್ನು ಒರೆಸುತ್ತ ಅಣ್ಣ ತಲೆಯೆತ್ತದೆ ಹೇಳಿದ, "ಹುಳಿ ಏರಿದ್ರೆ ಸೋಡಾ ಇಂಜೆಕ್ಷನ್ ಹಾಕು ಪುಟ್ಟಿ. ಅದಕ್ಕೇನು ಪಂಚಾಯ್ತಿ?"

"ಹಾಕಲ್ಲ."

"ನಾನು ಹೇಳ್ತಿದೀನಿ."

"ನೀನು ಹೇಳಿದ್ದಕ್ಕೇ ಇದು ಸಾಯ್ತಾ ಇದೆ ಅಣ್ಣ. ಸೋಡಾ ಹಾಕಿದ್ರೆ ಇನ್ನಷ್ಟು ಅದೇ ಗಾಳಿ ಹುಟ್ಟುತ್ತೆ. ಅದು ಹೊರಗೆ ಹೋಗೋ ಬಾಗಿಲು ನೀನು ಮುಚ್ಚಿಟ್ಟಿದೀಯ. ಕೈ ತೆಗೆ, ಗಾಯದ ಮೇಲೆ ಬಟ್ಟೆ ಒತ್ತಿ ನಿಂತ್ಕೋ."

ಮನೆಯಲ್ಲಾಗಲಿ ಇಲ್ಲಾಗಲಿ ಅವಳು ಅವನೊಂದಿಗೆ ಹೀಗೆ ಮಾತಾಡಿದ್ದಿಲ್ಲ. ಅವನು ಪರದೆಯನ್ನು ನೋಡಿದ. ಬಟ್ಟೆ ಒತ್ತಿದ.

ನಾಯಿಗೆ ಎಚ್ಚರವಾಗದಂತೆ ಅವಳು ನರಕ್ಕೆ ಮದ್ದು ಕೊಟ್ಟು, ಗಂಟಲಿನ ಕೊಳವೆಯನ್ನು ಯಂತ್ರದಿಂದ ಬಿಡಿಸಿ ಕೈಯಿಂದ ಒತ್ತುವ ಗಾಳಿಚೀಲಕ್ಕೆ ಸೇರಿಸಿ, ತಾನೇ ಒತ್ತಿ ಒತ್ತಿ ಉಸಿರು ತುಂಬಿದಳು. ನರ್ಸ್ ಹಳೆಯ ಹರಳನ್ನು ತಟ್ಟೆಗೆ ಸುರಿದು ಹೊಸದನ್ನು ತುಂಬಿದಳು. ಆಮೇಲೆ ಮತ್ತೆ ಯಂತ್ರ. ಗೆರೆ ಮೊದಲು ಹಟ ಹಿಡಿಯಿತು, ಆಮೇಲೆ ಮೆಲ್ಲಗೆ ಇಳಿಯಿತು, ಕೊನೆಗೆ ಸೊನ್ನೆ ಮುಟ್ಟಿತು. ಎರಡನೆಯ ಹನಿ ರಕ್ತದಲ್ಲಿ ಹುಳಿ ತಗ್ಗಿತ್ತು. ಅಣ್ಣ ಉಳಿದ ಕೆಲಸ ಮಾಡಿ ಹೊಲಿಗೆ ಹಾಕಿ ಮುಗಿಸಿದ.

ಮೌನಿ ಕಣ್ಣು ಬಿಟ್ಟಿತು. ಹೊರಗೆ ಬೆಂಚಿನ ಮೇಲೆ ದರ್ಜಿ ಹೆಂಗಸು ಟೇಪನ್ನು ಕುತ್ತಿಗೆಯಿಂದ ತೆಗೆಯುವುದನ್ನೂ ಮರೆತು ಕೂತಿದ್ದಳು. ಅಣ್ಣ ಅವಳಿಗೆ ನಗುತ್ತಲೇ ವಿವರಿಸಿದ: ಜೀವಕ್ಕೆ ಭಯವಿಲ್ಲ, ನಾಯಿ ಸ್ವಲ್ಪ ವೀಕು ನೋಡಿ, ಅದಕ್ಕೇ ನಡುವೆ ಕಾಟ ಕೊಟ್ಟಿತು.

ತಂಗಿ ಬಾಗಿಲಲ್ಲಿ ನಿಂತಿದ್ದಳು. ಅಷ್ಟು ಹೊತ್ತು ಹಲ್ಲು ಕಚ್ಚಿ ತಡೆದದ್ದು ಅಲ್ಲಿ ತಡೆಯಲಿಲ್ಲ.

"ನಿಮ್ಮ ನಾಯಿ ವೀಕಲ್ಲಮ್ಮ. ಯಂತ್ರದಲ್ಲಿ ಬದಲಾಯಿಸಬೇಕಾದ್ದನ್ನ ನಾವು ಬದಲಾಯಿಸಿರಲಿಲ್ಲ. ತಪ್ಪು ನಮ್ಮದು. ಇವತ್ತು ರಾತ್ರಿ ಇಲ್ಲೇ ಇರ್ಲಿ, ನಾನೇ ನೋಡ್ಕೋತೀನಿ."

ದರ್ಜಿ ಹೆಂಗಸು ಅಣ್ಣನ ಮುಖ ನೋಡಿದಳು, ಆಮೇಲೆ ತಂಗಿಯದು. ಎದ್ದು ನಾಯಿಯಿದ್ದ ಕೋಣೆಗೆ ಹೋದಳು.

ಹಳೆಯ ಹರಳಿನ ತಟ್ಟೆಯನ್ನು ತಂಗಿ ಅಣ್ಣನ ಮೇಜಿನ ಮೇಲೆ, ಅವನು ಚಹಾ ಲೋಟ ಇಡುವ ಜಾಗದಲ್ಲೇ ಕುಕ್ಕಿದಳು. ಮಧ್ಯಾಹ್ನ ಅವನು ಅದನ್ನು ಸರಿಸಲಿಲ್ಲ. ಕತ್ತಲಾಗುವಾಗ ಅವಳು ಮೌನಿಯ ನಾಡಿ ನೋಡಿ ಆ ಕಡೆ ಹಾದಾಗ ಅವನು ದೀಪದ ಕೆಳಗೆ ಒಂದು ಹರಳನ್ನು ಬೆರಳಲ್ಲಿ ಉಜ್ಜುತ್ತಿದ್ದ.

"ಬೆಳ್ಳಗಾಗ್ತಾ ಇದೆ," ಎಂದ, ತನಗೇ ಹೇಳಿಕೊಂಡಂತೆ.

ಆ ಸುಣ್ಣ ಚರ್ಮ ಸುಡುತ್ತದೆಂದು ಅವಳಿಗೆ ಗೊತ್ತಿತ್ತು. ಇನ್ನಷ್ಟು ಉಜ್ಜಲಿ ಎಂದು ಸುಮ್ಮನೆ ನಿಂತಳು.

"ಕೈ ತೊಳ್ಕೋ," ಎಂದಳು ಆಮೇಲೆ, ಮತ್ತು ಅವನು ಎದ್ದನೋ ಇಲ್ಲವೋ ನೋಡದೆ ನಾಯಿಯ ಬಳಿಗೆ ಹೋದಳು.