ಸೋಮವಾರದ ವಿಚಾರಣೆ

ನೀರಿನ ಬಾಟಲಿ ಹಂಚುತ್ತಾ ತಂಗಿ, ಶಿಕ್ಷಕರು ಕುಳಿತಿದ್ದ ಸಾಲಿಗೆ ಬಂದಳು. ಅಲ್ಲಿ ಮಾತು ನಿಂತಿತು. ಒಬ್ಬರು ಬಾಟಲಿ ತೆಗೆದುಕೊಂಡು, ಅವಳ ಮುಖ ನೋಡದೆ ಪಕ್ಕದವರಿಗೆ ದಾಟಿಸಿದರು.

ಒಳಗೆ ಅಕ್ಕನ ದೇಹವಿತ್ತು. ನಿನ್ನೆ ಬೆಳಿಗ್ಗೆ ಶಾಲೆಗೆ ಹೊರಟವಳು ಮೆಟ್ಟಿಲ ಮೇಲೇ ಕುಸಿದಿದ್ದಳು. ಅಕ್ಕ ಮೂರನೇ ತರಗತಿಯ ಟೀಚರ್. ತಂಗಿ ಶಿಕ್ಷಣ ಇಲಾಖೆಯ ಅಧಿಕಾರಿ. ಮಕ್ಕಳ ಫಲಿತಾಂಶ ನೋಡಿ ಶಿಕ್ಷಕರನ್ನು ಅಳೆಯುವ ಹೊಸ ನಿಯಮದ ಕರಡು ಬರೆದವಳು. ಆ ಅಳತೆಯಲ್ಲಿ ಅಕ್ಕನ ತರಗತಿ ಎಲ್ಲರಿಗಿಂತ ಕೆಳಗಿತ್ತು. ಬರುವ ಸೋಮವಾರ ಅವಳ ವಿಚಾರಣೆ ಇತ್ತು.

ಭಾವ ಅವಳನ್ನು ಅಡುಗೆಮನೆಗೆ ಕರೆದರು.

"ಸೋಮವಾರ ಅವಳಿಲ್ದೇನೇ ನಡೆಸ್ತಾರಾ?"

"ಇಲ್ಲ ಭಾವ. ಫೈಲ್ ಮುಚ್ತಾರೆ."

"ಏನಂತ ಬರೆದು ಮುಚ್ತಾರೆ?"

ತಂಗಿ ಕೈಯಲ್ಲಿದ್ದ ಬಾಟಲಿಯನ್ನು ಕಟ್ಟೆಯ ಮೇಲಿಟ್ಟಳು.

"ವಾರದಿಂದ ನಿದ್ದೆ ಇರ್ಲಿಲ್ಲ ಅವಳಿಗೆ. ತಂಗಿಗೊಂದು ಫೋನ್ ಮಾಡು ಅಂದೆ. ಅದು ವಶೀಲಿ ಆಗುತ್ತೆ, ಅವಳ ಕೆಲಸಕ್ಕೆ ಕುತ್ತು ಅಂದ್ಲು."

*

ನಿಯಮ ಜಾರಿಯಾದ ವಾರ ಅಕ್ಕ ತಂಗಿಯ ಮನೆಗೆ ಬಂದಿದ್ದಳು.

"ಮಗು ಓದೋಕೆ ಬರದೆ ಮೇಲಿನ ಕ್ಲಾಸಿಗೆ ಹೋದ್ರೆ ಯಾರನ್ನ ಕೇಳ್ಬೇಕಕ್ಕಾ?" ಎಂದಿದ್ದಳು ತಂಗಿ.

"ನನ್ನನ್ನೇ ಕೇಳು. ನಾನು ಬೇಡ ಅಂದ್ನಾ? ಕ್ಲಾಸಲ್ಲಿ ನಿದ್ದೆ ಹೊಡೆಯೋರನ್ನ ನಾನೂ ನೋಡಿದ್ದೀನಿ. ಆದ್ರೆ ಆಫೀಸಲ್ಲಿ ಕೂತು ಕೇಳ್ಬೇಡ. ಒಂದಿನ ಬಂದು ಹಿಂದಿನ ಬೆಂಚಲ್ಲಿ ಕೂತ್ಕೋ. ಬೇರೆಯವರು ಬೇಡ ಅಂದ ಮಕ್ಕಳನ್ನೆಲ್ಲ ನನ್ನ ಕ್ಲಾಸಿಗೆ ತುಂಬಿದ್ದಾರೆ. ನನ್ನಿಂದ ಏನಾಗ್ತಿದೆ, ಏನಾಗ್ತಿಲ್ಲ ಅಂತ ನನಗೂ ಗೊತ್ತಾಗ್ಬೇಕು."

"ಬರ್ತೀನಿ."

ಮೀಟಿಂಗ್ ಮೇಲೆ ಮೀಟಿಂಗ್. ಹೋಗಲಾಗಲೇ ಇಲ್ಲ.

*

ಶವವಾಹನ ಬಂತು. ದೇಹವನ್ನು ಒಳಗಿಟ್ಟು ಬಾಗಿಲು ಹಾಕಿದರು. ತಂಗಿ ಮುಂದಿನ ಸೀಟಿಗೆ ಹತ್ತಬೇಕು ಎನ್ನುವಷ್ಟರಲ್ಲಿ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಅಡ್ಡ ಬಂದಳು. ಕಾರ್ಖಾನೆಯ ಸಮವಸ್ತ್ರ ಇನ್ನೂ ಮೈಮೇಲಿತ್ತು.

"ಮೇಡಂ, ನೀವು ಟೀಚರಮ್ಮನ ತಂಗಿ ಅಲ್ವಾ? ಇವಳಿಗೆ ಒತ್ತಕ್ಷರ ಬಂದ್ರೆ ನಾಲಿಗೆ ಹೊರಳಲ್ಲ. ರಜೆ ಬರೋದ್ರೊಳಗೆ ಓದಿಸ್ತೀನಿ ಅಂದಿದ್ರು. ಇನ್ನು ಇವಳನ್ನ ಯಾರು ಕೂರಿಸ್ಕೋತಾರೆ? ಪಕ್ಕದ ಕ್ಲಾಸಿನೋರು, ನಮ್ಮ ಮಾರ್ಕ್ಸ್ ಕೆಡುತ್ತೆ ಅಂತ ಮೊದಲೇ ಕಳಿಸ್ಬಿಟ್ಟಿದ್ರು."

ಶಿಕ್ಷಕರ ಗುಂಪಿನಲ್ಲಿ ಒಬ್ಬರು ತಲೆ ತಗ್ಗಿಸಿದರು.

"ನೋಡ್ತೀನಿ," ಎಂದಳು ತಂಗಿ. ಕಚೇರಿಯಲ್ಲಿ ದಿನವೂ ಆಡುವ ಮಾತು. ತಾಯಿ ಜರುಗಲಿಲ್ಲ.

ಹುಡುಗಿಗೆ ಇದ್ಯಾವುದರ ಮೇಲೂ ಗಮನವಿರಲಿಲ್ಲ. ವಾಹನದ ಬಾಗಿಲ ಮೇಲಿನ ದಪ್ಪ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದಳು.

"ಅಂ... ತಿ... ಮ... ಯಾ..."

ಮುಂದಿನ ಒತ್ತಕ್ಷರದ ಮೇಲೆ ಬೆರಳು ನಿಂತಿತು. ತುಟಿ ಅಲುಗಿತು, ಸದ್ದು ಬರಲಿಲ್ಲ.

ಚಾಲಕ ಎಂಜಿನ್ ಚಾಲೂ ಮಾಡಿ ಹಾರ್ನ್ ಒತ್ತಿದ. ತಂಗಿ ಅವನತ್ತ ಅಂಗೈ ತೋರಿಸಿ, ಹುಡುಗಿಯ ಪಕ್ಕದಲ್ಲಿ, ಮಣ್ಣಿನಲ್ಲೇ ಕುಕ್ಕರಗಾಲಲ್ಲಿ ಕುಳಿತಳು.