ಕೆನೆ ತೆಗೆದ ಹಾಲು ನೀರಲ್ಲ

ಸಕ್ಕರೆ ಕಾಯಿಲೆಗೆ ಗೋಣಿಬೀಡಿನ ದಿನಸಿ ಅಂಗಡಿಯ ಜಯದೇವಪ್ಪನವರ ಕಾಲಿನ ಎರಡು ಬೆರಳು ಹೋದವು. ಅಂದಿನಿಂದ ಸೊಸೆ ತನುಜಾಳಿಗೆ ಮಗ ಲಿಖಿತ್‌ನ ಚಿಂತೆ ಹತ್ತಿತು. ಹುಡುಗನಿಗೆ ಹದಿನಾಲ್ಕು. ಯೂನಿಫಾರಮ್ಮಿನ ಗುಂಡಿ ಹಾಕಲಾಗದಷ್ಟು ದಪ್ಪ. ಅಜ್ಜನ ಗತಿಯೇ ಮೊಮ್ಮಗನಿಗೂ ಬಂದರೆ? ಈ ಹೆದರಿಕೆಗೆ ಅವಳಿಗೆ ಅನ್ನ ರುಚಿಸುತ್ತಿರಲಿಲ್ಲ.

ಅತ್ತೆ ವಿಶಾಲಾಕ್ಷಮ್ಮನವರಿಗೆ ಮದ್ದು ಗೊತ್ತಿತ್ತು. ಅವರಿಗೆ ಗೊತ್ತಿಲ್ಲದ ಮದ್ದೇ ಊರಲ್ಲಿರಲಿಲ್ಲ ಬಿಡಿ. ತುಪ್ಪಕ್ಕೆಂದು ಕೆನೆ ತೆಗೆದ ಮೇಲೆ ಮನೆಯಲ್ಲಿ ಹಾಲು ಉಳಿಯುತ್ತಿತ್ತು. "ಕೊಬ್ಬೆಲ್ಲ ಕೆನೇಲಿ ಹೋಯ್ತಲ್ಲ, ಉಳಿದಿದ್ದು ನೀರೇ. ಬಾಯಾರಿದಾಗ ಅದನ್ನೇ ಕೊಡು. ಹೊಟ್ಟೆ ತುಂಬುತ್ತೆ, ಮೈ ಇಳಿಯುತ್ತೆ" ಎಂದರು. ಊಟಕ್ಕೂ ಅದೇ, ಶಾಲೆಯ ಬಾಟಲಿಗೂ ಅದೇ ಆಯಿತು. ಅನ್ನ, ಕಡುಬು ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗ ಇನ್ನಷ್ಟು ದಪ್ಪಗಾದ. ಕತ್ತಿನ ಹಿಂದೆ ಕಪ್ಪು ಕಟ್ಟಿತು. ಕೊಳೆಯೆಂದು ತನುಜಾ ತೆಂಗಿನ ನಾರಿನಲ್ಲಿ ಉಜ್ಜಿದಳು. ಚರ್ಮ ಉರಿಯಿತೇ ಹೊರತು ಕಪ್ಪು ಹೋಗಲಿಲ್ಲ.

ದೀಪಾವಳಿಗೆ ಪಕ್ಕದ ಮನೆಯ ಗಗನಾ ತವರಿಗೆ ಬಂದಳು. ಚಿಕ್ಕಮಗಳೂರಿನ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಪಥ್ಯದ ಊಟ ಹೇಳಿಕೊಡುವ ಕೆಲಸ ಅವಳದು. ಹುಡುಗನ ಕತ್ತು ನೋಡಿ ಅವಳ ನಗು ನಿಂತಿತು.

"ತನುಜಕ್ಕ, ಇದು ಕೊಳೆಯಲ್ಲ. ರಕ್ತದ ಸಕ್ಕರೆ ಇಳಿಸೋ ಇನ್ಸುಲಿನ್ ಮೈಯೊಳಗೆ ಜಾಸ್ತಿ ಆದಾಗ ಹೀಗಾಗೋದುಂಟು, ಸಕ್ಕರೆ ಕಾಯಿಲೆಯ ಮುನ್ಸೂಚನೆಯೂ ಇರಬಹುದು. ಏನು ಕುಡೀತಾನೆ ಇವ್ನು?"

"ನೀರಿನಂಥ ಹಾಲು ಮಾರಾಯ್ತಿ" ಎಂದರು ವಿಶಾಲಾಕ್ಷಮ್ಮ. "ಕೆನೆಯ ಪಸೆಯೂ ಇಲ್ಲ."

ಗಗನಾ ಅದೇ ಹಾಲನ್ನು ಕಾಯಿಸಿ ನಿಂಬೆಹಣ್ಣು ಹಿಂಡಿದಳು. ಹಾಲು ಒಡೆಯಿತು. ಬಟ್ಟೆಯಲ್ಲಿ ಸೋಸಿದರೆ ಬಿಳಿ ಮುದ್ದೆ ಉಳಿಯಿತು.

"ನೀರಾಗಿದ್ರೆ ಇದೆಲ್ಲಿಂದ ಬಂತು ದೊಡ್ಡಮ್ಮ?"

ವಿಶಾಲಾಕ್ಷಮ್ಮ ಹಿಚುಕಿ ನೋಡಿದರು. "ಗಟ್ಟಿ ಇದೆಯಲ್ಲೇ!"

"ಇದು ಹಾಲಿನ ಒಂದು ಪ್ರೋಟೀನು, ಕೇಸೀನ್ ಅಂತಾರೆ. ನಿಧಾನ ಜೀರ್ಣ ಆಗುತ್ತೆ. ಈ ತಿಳಿನೀರಲ್ಲಿ ಇನ್ನೊಂದಿದೆ, ವೇ ಅಂತ. ಅದು ಬೇಗ ಜೀರ್ಣ ಆಗಿ ಇನ್ಸುಲಿನ್ ಏರಿಸುತ್ತೆ. ಹಾಲಿನ ಸಕ್ಕರೆಯೂ ಇದರಲ್ಲೇ ಇದೆ. ಕೆನೆ ತೆಗೆದ್ರೂ ಇವು ಹಾಲಲ್ಲೇ ಉಳೀತವೆ."

"ಹಂಗಾದ್ರೆ ಹಾಲು ವಿಷಾನಾ?"

"ಛೆ, ಬಿಡ್ತು ಅನ್ನಿ! ಹಾಲು ಒಳ್ಳೇದೇ. ಆದ್ರೆ ಅದು ಆಹಾರ. ದಿನಕ್ಕೆ ಒಂದೆರಡು ಲೋಟ ಸಾಕು, ಸಕ್ಕರೆ ಹಾಕದೆ. ಹೊಟ್ಟೆತುಂಬ ಉಂಡ ಮೇಲೆ ಲೀಟರ್‌ಗಟ್ಟಲೆ ಕುಡಿಸಿದ್ರೆ ತೂಕ ಏರದೆ ಇನ್ನೇನು?"

"ಅತಿಯಾದ್ರೆ ಅಮೃತವೂ ವಿಷ ಅಂತ ಊರಿಗೆಲ್ಲ ಹೇಳೋಳು ನಾನೇ" ಎಂದು ವಿಶಾಲಾಕ್ಷಮ್ಮ ಒಪ್ಪಿಕೊಂಡರು.

ತನುಜಾಳಿಗೆ ಅಳು ತಡೆಯಲಾಗಲಿಲ್ಲ. ಮರುದಿನವೇ ಮೂಡಿಗೆರೆಗೆ ಹೋಗಿ ಮಗನ ರಕ್ತ ಪರೀಕ್ಷೆ ಮಾಡಿಸಿದಳು. ಸಕ್ಕರೆ ಕಾಯಿಲೆ ಇನ್ನೂ ಬಂದಿರಲಿಲ್ಲ. ಹೊಸ್ತಿಲ ತನಕ ಬಂದಿತ್ತು. ತಟ್ಟೆಯಲ್ಲಿ ಅನ್ನ ಕಡಿಮೆಯಾಗಲಿ, ಹುಡುಗ ದಿನವೂ ಬೆವರುವಷ್ಟು ಆಡಲಿ ಎಂದರು ಡಾಕ್ಟರು.

ಬಸ್ಸಿಳಿದು ಮನೆಗೆ ಬಂದಾಗ ಅಜ್ಜಿಯೇ ಚೊಂಬು ತುಂಬ ನೀರು ತಂದುಕೊಟ್ಟರು. ಲಿಖಿತ್ ಗಟಗಟನೆ ಕುಡಿದು ಮುಗಿಸಿದ.

"ಎಷ್ಟು ದಿನ ಆಗಿತ್ತಜ್ಜಿ, ಬರೀ ನೀರು ಕುಡಿದು!"

ಅಜ್ಜಿ ಖಾಲಿ ಚೊಂಬು ಇಸಿದುಕೊಂಡರು. ಇನ್ನೊಂದು ಚೊಂಬು ತರಲು ಒಳಗೆ ಹೋದರು.

ತಾಯಂದಿರೇ, ಮಕ್ಕಳಿಗೆ ಬಾಯಾರಿದರೆ ನೀರು ಕೊಡಿ. ಹಾಲನ್ನು ಊಟದ ಲೆಕ್ಕಕ್ಕೆ ಸೇರಿಸಿ. ತೂಕ ಇಳಿಸುತ್ತದೆಂದು ಯಾರೋ ಹೇಳಿದ ಹಾಲಿನ ಪ್ರೋಟೀನ್ ಪುಡಿಯನ್ನು ಡಾಕ್ಟರನ್ನು ಕೇಳದೆ ತರಬೇಡಿ. ದಪ್ಪಗಿರುವ ಮಗುವಿನ ಕತ್ತು ಕಪ್ಪಾಗಿದ್ದರೆ ಉಜ್ಜಬೇಡಿ, ಬೈಯಬೇಡಿ. ಈ ವಾರವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಾಯಿಲೆ ಹೊಸ್ತಿಲು ದಾಟುವ ಮೊದಲು ನೀವು ಹೊರಡಿ.